ಮಾರ, ಮಾರಯ್ಯ, ಮಾರೇಗೌಡ

ಹೆಸರಲ್ಲೇನಿದೆ ಬಿಡಿ ಅನ್ನೋರು ಒಂದ್ಸಲ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಗೆ ಹೋಗಿ ಬರಬೇಕು. ಕಾಡಿನ ನಡುವೆ ಕಾವೇರಿ ಹರಿಯುವ ಜಾಗ ಅದು. ಸೀತಾದೇವಿ ಸ್ನಾನ ಮಾಡುವಾಗ ಮೂಗುತಿಯ ಮುತ್ತು ನೀರಿಗೆ ಬಿತ್ತಂತೆ, ಹನುಮಂತ ಮಡುವಿಗೆ ಬಾಲ ಬಿಟ್ಟು ಅದನ್ನು ಎತ್ತಿ ಕೊಟ್ಟನಂತೆ. ಮುತ್ತು ಅಲ್ಲ, ಉಂಗುರ ಅನ್ನೋರೂ ಇದ್ದಾರೆ. ಏನೇ ಇರಲಿ, ಮುತ್ತು ಎತ್ತಿದವನು ಮುತ್ತೆತ್ತರಾಯನಾದ, ಊರು ಮುತ್ತತ್ತಿ ಆಯ್ತು. ಗಮನಿಸಿ, ನೀರಿಗಿಳಿದು ಕೆಲಸ ಮಾಡಿಕೊಟ್ಟ ಸೇವಕನನ್ನು ಜನ ‘ಸೇವಕ’ ಅಂತ ಕರೀಲಿಲ್ಲ. ‘ರಾಯ’ ಅಂದ್ರು, ಸ್ವಾಮಿ ಅಂದ್ರು.

ಆ ದೇವರ ಹೆಸರೇ ಒಂದು ಮನೆಯ ಮಗನಿಗೂ ಬಂತು. 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ, ನಾಟಕದ ಕಲಾವಿದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮನೆಯಲ್ಲಿ ಹುಟ್ಟಿದ ಮಗುವಿಗೆ ಮುತ್ತುರಾಜ ಅಂತ ಹೆಸರಿಟ್ಟಿದ್ದು ಇದೇ ಮುತ್ತತ್ತಿರಾಯನ ನೆನಪಿಗೆ. ಮುತ್ತುರಾಜ ಮುಂದೆ ರಾಜ್‌ಕುಮಾರ್ ಆದ್ರು. ಜನ ಅವರಿಗೆ ಕೊಟ್ಟ ದೊಡ್ಡ ಬಿರುದು ಯಾವುದು? ಡಾಕ್ಟರೇಟೂ ಅಲ್ಲ, ಪದ್ಮಭೂಷಣವೂ ಅಲ್ಲ, ಅದು ‘ಅಣ್ಣಾವ್ರು’. ಅಣ್ಣ ಅನ್ನೋದು ಮನೆ ಮಾತು, ಅದಕ್ಕೆ ‘ಅವ್ರು’ ಸೇರಿಸಿದ್ದು ಮರ್ಯಾದೆ. ಅವರು ತಿರುಗಿಸಿ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಅಂದ್ರು. ಒಬ್ಬರನ್ನೊಬ್ಬರು ಎತ್ತಿ ಮಾತಾಡುವುದು ಅಂದ್ರೆ ಏನು ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಕನ್ನಡಿಗನಿಗೆ ಬೇಕಿಲ್ಲ.

ಆದರೆ ಇದೇ ಮಂಡ್ಯ ಸೀಮೆಯಲ್ಲಿ ಹೆಸರಿನ ಇನ್ನೊಂದು ಕಥೆಯೂ ಇದೆ. ಯಾವುದಾದರೂ ಹಳ್ಳಿಯ ಹಳೇ ಮತದಾರರ ಪಟ್ಟಿ ತೆಗೆದು ನೋಡಿ. ಮಾರೇಗೌಡ, ಕೆಂಚೇಗೌಡ, ಕರೀಗೌಡ, ಚಿಕ್ಕಣ್ಣ ಅಂತ ಬರುತ್ತಾ ಹೋಗುತ್ತೆ. ಪಟ್ಟಿ ಊರು ದಾಟಿ ಕೇರಿಗೆ ಬಂದ ಕೂಡಲೇ ಬಾಲ ಕಟ್ಟಾಗುತ್ತೆ. ಮಾರ, ಕೆಂಚ, ಕರಿಯ, ಚಿಕ್ಕ. ಇಬ್ಬರಿಗೂ ಹೆಸರು ಕೊಟ್ಟಿದ್ದು ಒಂದೇ ಮಾರಮ್ಮ. ಆದರೆ ಒಬ್ಬನ ಹೆಸರಿನ ಹಿಂದೆ ಗೌಡ ನಿಂತಿದೆ, ಇನ್ನೊಬ್ಬನ ಹಿಂದೆ ಏನೂ ಇಲ್ಲ. ಎಪ್ಪತ್ತು ವರ್ಷದ ಮುದುಕನೂ ಸರ್ಕಾರಿ ದಾಖಲೆಯಲ್ಲಿ ಬರೀ ‘ಮಾರ’. ಹೆಸರೇ ಏಕವಚನ!

ಹಳ್ಳಿಯಲ್ಲಿ ಹುಟ್ಟಿದ ಮಕ್ಕಳು ಉಳಿಯದಿದ್ದಾಗ ದೃಷ್ಟಿ ಬೀಳದಿರಲಿ ಅಂತ ತಿಪ್ಪೆಯ ಹೆಸರಿಡೋ ಪದ್ಧತಿ ಇತ್ತು. ತಿಪ್ಪೇಗೌಡ, ತಿಪ್ಪಯ್ಯ, ತಿಪ್ಪಮ್ಮ. ತಿಪ್ಪೆಗೂ ಒಂದು ‘ಗೌಡ’, ಒಂದು ‘ಅಯ್ಯ’ ಸೇರಿಸಿದರೆ ಊರೇ ಎದ್ದು ನಿಂತು ನಮಸ್ಕಾರ ಹೇಳುತ್ತೆ. ಅಂದ ಮೇಲೆ ಹೆಸರಿನ ಅರ್ಥ ದೊಡ್ಡದಲ್ಲ ಸ್ವಾಮಿ, ಅದರ ಕೊನೆಯಲ್ಲಿ ಏನು ಅಂಟಿಕೊಂಡಿದೆ ಅನ್ನೋದು ದೊಡ್ಡದು.

ಕನ್ನಡದಲ್ಲಿ ಇದರಿಂದ ತಪ್ಪಿಸಿಕೊಳ್ಳೋಕೆ ದಾರಿಯೇ ಇಲ್ಲ. ಇಂಗ್ಲಿಷಿನವನು ರಾಜನಿಗೂ ‘ಯೂ’, ಆಳಿಗೂ ‘ಯೂ’ ಅಂದು ಪಾರಾಗುತ್ತಾನೆ. ನಾವು ಬಾಯಿ ತೆಗೆದರೆ ಬಾ ಅನ್ನಬೇಕು, ಇಲ್ಲಾ ಬನ್ನಿ ಅನ್ನಬೇಕು. ಎದುರಿಗೆ ಇಲ್ಲದವನ ಬಗ್ಗೆ ಮಾತಾಡಿದರೂ ‘ಬಂದ’, ‘ಬಂದರು’ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಮಂಡ್ಯದವರಿಗೆ ಏಕವಚನ ಜಾಸ್ತಿ, ಒರಟು ಅಂತ ಸಿನಿಮಾದಲ್ಲಿ ನಗಿಸ್ತಾರೆ. ‘ಏನ್ಲಾ’, ‘ಬಾರ್ಲಾ’, ‘ಹೋಗ್ಲಾ’. ನಾನು ಈ ತಮಾಷೆಯನ್ನು ಒಪ್ಪೋದಿಲ್ಲ. ಆ ‘ಲಾ’ದಲ್ಲಿ ಪ್ರೀತಿ ಇದೆ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣನವರ ಕಥೆಗಳನ್ನು ಓದಿದವರಿಗೆ ಅದರ ಸೊಗಸು ಗೊತ್ತು. ಕೇಳಬೇಕಾದ ಪ್ರಶ್ನೆ ಬೇರೆ. ಆ ‘ಲಾ’ ಎರಡೂ ಕಡೆಯಿಂದ ಹೋಗುತ್ತಾ? ಗೌಡರ ಮನೆ ಹುಡುಗ ಕೇರಿಯ ಅಜ್ಜನಿಗೆ ‘ಏನ್ಲಾ ಮಾರ’ ಅಂತಾನೆ. ಕೇರಿಯ ಅಜ್ಜ ತಿರುಗಿ ‘ಏನ್ಲಾ’ ಅನ್ನಬಹುದಾ? ಅನ್ನಬಹುದಾದರೆ ಪ್ರೀತಿ. ಅನ್ನೋ ಹಾಗಿಲ್ಲ ಅಂದ್ರೆ ಅದು ಬೇರೆ ಏನೋ.

ಈ ಸಮಸ್ಯೆಯನ್ನು ನಮ್ಮ ಹಿರಿಯರು ಕಾಣದೇ ಇದ್ದವರಲ್ಲ. ಹನ್ನೆರಡನೇ ಶತಮಾನದ ಕಲ್ಯಾಣವನ್ನೇ ನೋಡಿ. ಶರಣರು ಕಸುಬಿನ ಹೆಸರನ್ನು ಮುಚ್ಚಿಡಲಿಲ್ಲ. ಮಾದಾರ ಚೆನ್ನಯ್ಯ, ಡೋಹಾರ ಕಕ್ಕಯ್ಯ, ಸಮಗಾರ ಹರಳಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ. ಚರ್ಮದ ಕೆಲಸ, ಬಟ್ಟೆ ಒಗೆಯೋ ಕೆಲಸ, ದೋಣಿ, ಬಿದಿರು, ಎಲ್ಲವೂ ಮುಂದೆಯೇ ಕಾಣುತ್ತೆ. ಆದರೆ ಪ್ರತಿ ಹೆಸರಿನ ಕೊನೆಯಲ್ಲೂ ಒಂದು ‘ಅಯ್ಯ’ ಕೂತಿದೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ ತನ್ನ ವಚನದಲ್ಲಿ ಚೆನ್ನಯ್ಯನನ್ನು ಅಪ್ಪ ಅಂತ ಕರೆದ. ಹೊಸ ಪದ ಹುಟ್ಟಿಸಲಿಲ್ಲ, ಸಮಿತಿ ರಚಿಸಲಿಲ್ಲ. ಮನೆಯೊಳಗೆ ಯಾವ ಮಾತು ಆಡುತ್ತಿದ್ದರೋ ಅದನ್ನೇ ಬೀದಿಗೆ ತಂದರು. ಇಷ್ಟು ಸರಳ ಉಪಾಯವನ್ನು ಆಮೇಲೆ ಬಂದ ಯಾವ ಸರ್ಕಾರವೂ ಹುಡುಕಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಅದೇ ಶತಮಾನದಲ್ಲಿ ನಮ್ಮ ಮಂಡ್ಯದ ಮೇಲುಕೋಟೆಯಲ್ಲಿ ಇನ್ನೊಂದು ಪ್ರಯತ್ನ ನಡೀತು. ಚೆಲುವನಾರಾಯಣನ ಉತ್ಸವಮೂರ್ತಿಯನ್ನು ತರುವುದಕ್ಕೆ ನೆರವಾದ ಅಸ್ಪೃಶ್ಯರನ್ನು ರಾಮಾನುಜಾಚಾರ್ಯರು ‘ತಿರುಕುಲ’ದವರು ಅಂತ ಕರೆದರು ಅನ್ನೋದು ಅಲ್ಲಿನ ಸಂಪ್ರದಾಯದ ಮಾತು. ತಿರುಕುಲ ಅಂದ್ರೆ ಶ್ರೀಕುಲ, ಪವಿತ್ರವಾದ ಕುಲ. ಹೆಸರಂತೂ ಬಹಳ ದೊಡ್ಡದು. ಅದರ ಜೊತೆ ಬಂದ ಹಕ್ಕು? ವರ್ಷದಲ್ಲಿ ಮೂರು ದಿನ ದೇವಸ್ಥಾನದ ಒಳಗೆ ಪ್ರವೇಶ. ಆ ಕಾಲಕ್ಕೆ ಮೂರು ದಿನವೂ ಕ್ರಾಂತಿಯೇ, ನಾನು ಇಲ್ಲ ಅನ್ನೋದಿಲ್ಲ. ಆದರೆ ಮಿಕ್ಕ ದಿನಗಳ ಲೆಕ್ಕವನ್ನು ಹೆಸರು ತುಂಬಿಕೊಡಲಿಲ್ಲ. ಎಂಟುನೂರು ವರ್ಷ ‘ಪವಿತ್ರ ಕುಲ’ದವರು ಹೊರಗೇ ನಿಂತರು.

ಮುತ್ತತ್ತಿಯ ಸುತ್ತಮುತ್ತಲಿನ ಜನಕ್ಕೆ ಇವೆರಡಕ್ಕಿಂತ ಹತ್ತಿರದ ಕಥೆ ಮಂಟೇಸ್ವಾಮಿಯದು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಅವರ ಗದ್ದುಗೆ ಇದೆ. ಹೊಳೆ ದಾಟಿದರೆ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿ. ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುವ ಆ ಕಾವ್ಯದಲ್ಲಿ ಒಂದು ಸನ್ನಿವೇಶ ಬರುತ್ತೆ. ಬಸವಣ್ಣನ ಕಲ್ಯಾಣ ನಿಜವಾಗ್ಲೂ ಸಮಾನತೆಯ ಪಟ್ಟಣವಾ ಅಂತ ಪರೀಕ್ಷೆ ಮಾಡೋಕೆ ಮಂಟೇಸ್ವಾಮಿ ಮೈಯೆಲ್ಲ ಹೊಲಸು ಮಾಡಿಕೊಂಡು, ನಾರುವ ವೇಷದಲ್ಲಿ ಬಾಗಿಲಿಗೆ ಬರ್ತಾರೆ. ಒಳಗೆ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರು ಸಮಾನತೆಯ ಊಟಕ್ಕೆ ಕೂತಿದ್ದಾರೆ. ಬಾಗಿಲು ಕಾಯೋರು ಬೈದು ಅಟ್ಟುತ್ತಾರೆ! ಸಮಾನತೆಯ ಪಟ್ಟಣದ ಬಾಗಿಲಲ್ಲೇ ಬೈಗುಳ. ಎಂಥ ವಿಮರ್ಶೆ ನೋಡಿ. ಇದನ್ನು ಬರೆದದ್ದು ಯಾವ ವಿಶ್ವವಿದ್ಯಾಲಯದ ಪ್ರೊಫೆಸರೂ ಅಲ್ಲ, ಹಾಡಿಕೊಂಡು ಬಂದ ಹಳ್ಳಿ ಜನ.

ಹಾಗೆ ಬೈಸಿಕೊಂಡವರನ್ನು ಈ ಸೀಮೆಯ ಜನ ಏನಂತ ಕರೀತಾರೆ ಗೊತ್ತಾ? ‘ಧರೆಗೆ ದೊಡ್ಡವರು’. ಭೂಮಿಗೇ ದೊಡ್ಡವರು. ಬಹುವಚನ! ಅವರ ಶಿಷ್ಯರಾದ ಸಿದ್ಧಪ್ಪಾಜಿಯೂ ಹಾಗೇ. ಮೊದಲ ಹೆಸರು ಕೆಂಪಾಚಾರಿ, ಕಮ್ಮಾರರ ಹುಡುಗ, ಮದ್ದೂರು ತಾಲ್ಲೂಕಿನ ನಿಡಘಟ್ಟದವರು ಅಂತ ಕಾವ್ಯ ಹೇಳುತ್ತೆ. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ನೀವೆಲ್ಲ ನೂರು ಸಲ ದಾಟಿಹೋಗಿರುವ ಊರು. ಕಮ್ಮಾರ ಕೆಂಪಾಚಾರಿಗೆ ಒಂದು ‘ಅಪ್ಪ’, ಅದರ ಮೇಲೊಂದು ‘ಜಿ’ ಸೇರಿತು. ಸರ್ಕಾರದ ಆದೇಶ ಇಲ್ಲದೆ, ಯಾರಿಗೂ ದಂಡ ಹಾಕದೆ, ನಾನಾ ಜಾತಿಯ ಒಕ್ಕಲುಗಳ ಬಾಯಲ್ಲಿ ನೂರಾರು ವರ್ಷ ಆ ಮರ್ಯಾದೆ ಉಳಿದಿದೆ. ಯಾಕೆ ಉಳೀತು? ಕರೆಯುವವರೇ ಕೊಟ್ಟ ಹೆಸರು ಅದು. ಮೇಲಿನಿಂದ ಬಂದದ್ದಲ್ಲ.

ಮೇಲಿನಿಂದ ಬಂದ ಹೆಸರುಗಳ ಕಥೆಗೆ ಬರೋಣ. 1932ರಲ್ಲಿ ಗಾಂಧೀಜಿ ‘ಹರಿಜನ’ ಅನ್ನೋ ಪದವನ್ನು ಎತ್ತಿಕೊಂಡರು. 1933ರ ಫೆಬ್ರುವರಿಯಲ್ಲಿ ಅದೇ ಹೆಸರಿನ ಪತ್ರಿಕೆ ಶುರುವಾಯ್ತು. 1934ರ ಜನವರಿಯಲ್ಲಿ ಹರಿಜನ ಯಾತ್ರೆ ಅಂತ ಮೈಸೂರು ಸೀಮೆಗೆ ಬಂದಾಗ ಮಂಡ್ಯ, ಮದ್ದೂರು ಕಡೆಯ ಜನವೂ ಅವರನ್ನು ಕಣ್ತುಂಬ ನೋಡಿದರು. ಗಾಂಧಿ ಉದ್ದೇಶದಲ್ಲಿ ಕೊಂಕು ಹುಡುಕೋಕೆ ನಾನು ಹೋಗೋದಿಲ್ಲ. ಆದರೆ ಯಾರಿಗೆ ಆ ಹೆಸರಿಟ್ಟರೋ ಅವರನ್ನು ಕೇಳಿದರಾ? 1938ರ ಜನವರಿಯಲ್ಲಿ ಬಾಂಬೆ ಶಾಸನಸಭೆಯಲ್ಲಿ ಕಾನೂನಿನೊಳಗೆ ಈ ಪದ ತರೋಕೆ ಹೊರಟಾಗ ಡಾ. ಅಂಬೇಡ್ಕರ್ ಮತ್ತು ಅವರ ಪಕ್ಷದವರು ವಿರೋಧಿಸಿ ಸಭೆಯಿಂದ ಎದ್ದು ಹೊರನಡೆದರು. ನಾವು ಮಾತ್ರ ಹರಿಯ ಜನ ಆದರೆ ಮಿಕ್ಕವರು ಯಾರ ಜನ ಅನ್ನೋ ಪ್ರಶ್ನೆಗೆ ಇವತ್ತಿಗೂ ನೇರ ಉತ್ತರ ಕೊಟ್ಟವರಿಲ್ಲ. 1982ರಲ್ಲಿ ಕೇಂದ್ರ ಸರ್ಕಾರವೇ ಜಾತಿ ಪ್ರಮಾಣಪತ್ರಗಳಲ್ಲಿ ಈ ಪದ ಬೇಡ ಅಂತ ರಾಜ್ಯಗಳಿಗೆ ಬರೀತು. 2017ರಲ್ಲಿ ಸುಪ್ರೀಂ ಕೋರ್ಟ್ ಇದು ಅವಮಾನ ಮಾಡೋಕೆ ಬಳಕೆಯಾಗುತ್ತಿರುವ ಪದ ಅಂತ ಹೇಳಿತು. ದೇವರ ಹೆಸರಿನ ಪದ ಎಂಬತ್ತೈದು ವರ್ಷದೊಳಗೆ ಬೈಗುಳ ಆಗಿಹೋಯ್ತು. ‘ಗಿರಿಜನ’ದ್ದೂ ಹೆಚ್ಚುಕಡಿಮೆ ಇದೇ ಹಾದಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸೋಲಿಗ ಅನ್ನೋ ಸ್ವಂತ ಹೆಸರಿರುವಾಗ ಇನ್ನೊಂದು ಯಾಕೆ ಬೇಕಿತ್ತೋ.

ಇದಕ್ಕೆ ಉತ್ತರ ಕೊಟ್ಟಿದ್ದು 1970ರ ದಶಕ. ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಮತ್ತು ಗೆಳೆಯರು ಕಟ್ಟಿದ ಸಂಘಟನೆ ತನ್ನನ್ನು ದಲಿತ ಸಂಘರ್ಷ ಸಮಿತಿ ಅಂತ ಕರೆದುಕೊಂಡಿತು. 1975ರಲ್ಲಿ ಸಿದ್ಧಲಿಂಗಯ್ಯನವರು ತಮ್ಮ ಮೊದಲ ಕವನ ಸಂಕಲನಕ್ಕೆ ‘ಹೊಲೆಮಾದಿಗರ ಹಾಡು’ ಅಂತ ಹೆಸರಿಟ್ಟರು. ಯಾವ ಪದ ಕೇಳಿದರೆ ತಲೆ ತಗ್ಗಿಸಬೇಕಿತ್ತೋ ಅದನ್ನೇ ಪುಸ್ತಕದ ರಟ್ಟಿನ ಮೇಲೆ ಹಾಕಿದರು. ಬೈಯ್ಯೋನ ಕೈಯಿಂದ ಕಲ್ಲು ಕಿತ್ತುಕೊಂಡು ಅದರಿಂದಲೇ ಮನೆ ಕಟ್ಟಿದ ಹಾಗೆ. ಇಲ್ಲೊಂದು ಸೂಕ್ಷ್ಮ ಇದೆ, ತಪ್ಪು ತಿಳೀಬೇಡಿ. ಸಿದ್ಧಲಿಂಗಯ್ಯನವರು ಆ ಪದ ಬಳಸಿದರು ಅಂತ ಊರಗೌಡ ಬೀದಿಯಲ್ಲಿ ಬಳಸೋ ಹಾಗಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆ, ಅದಕ್ಕೆ 2015ರಲ್ಲಿ ಬಂದ ತಿದ್ದುಪಡಿ, ಎರಡೂ ಇದನ್ನು ಅಪರಾಧ ಅನ್ನುತ್ತವೆ. 2008ರಲ್ಲಿ ಉತ್ತರ ಭಾರತದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಅದು ದಾಖಲೆಯಲ್ಲಿರುವ ಜಾತಿಯ ಹೆಸರೇ ಆಗಿರಬಹುದು, ಆದರೆ ಅವಮಾನ ಮಾಡಬೇಕು ಅಂತಲೇ ಕರೆದರೆ ಅದು ಅಪರಾಧ. ಪದ ಒಂದೇ, ಬಾಯಿ ಬೇರೆ.

ಆಮೇಲೆ ನಮ್ಮ ಕಡೆಗೇ ಒಂದು ಕಾಗದ ಬಂತು. 2018ರ ಆಗಸ್ಟ್ 7ರಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಖಾಸಗಿ ಟಿವಿ ಚಾನೆಲ್‌ಗಳಿಗೆ ಸಲಹೆ ಕೊಟ್ಟಿತು. ‘ದಲಿತ’ ಅನ್ನೋದನ್ನು ಬಿಡಿ, ‘ಪರಿಶಿಷ್ಟ ಜಾತಿ’ ಅನ್ನಿ ಅಂತ. ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ನಿರ್ದೇಶನದ ಮೇಲೆ ಬಂದ ಸಲಹೆ ಅದು. 2020ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರವೂ ಸರ್ಕಾರಿ ವ್ಯವಹಾರದಲ್ಲಿ ‘ದಲಿತ’ ಬೇಡ ಅಂತ ಸುತ್ತೋಲೆ ಹೊರಡಿಸಿತು. ನನಗೆ ಇದು ಅರ್ಥವಾಗೋದಿಲ್ಲ. ಹರಿಜನ ಬೇಡ ಅಂದದ್ದು ಸರಿ, ಅದು ಬೇರೆಯವರು ಇಟ್ಟ ಹೆಸರು. ದಲಿತ ಅನ್ನೋದು ಅವರೇ ಆರಿಸಿಕೊಂಡದ್ದು. ಪರಿಶಿಷ್ಟ ಅಂದ್ರೆ ಏನು? ಪಟ್ಟಿಯಲ್ಲಿ ಸೇರಿಸಿದ್ದು. ದಾಖಲೆಗೆ ಆ ಪದ ಬೇಕು, ಸಂವಿಧಾನದ ಪದ, ಮೀಸಲಾತಿ ಅದರ ಮೇಲೇ ನಿಂತಿದೆ. ಆದರೆ ಒಬ್ಬ ಮನುಷ್ಯ ತನ್ನನ್ನು ತಾನು ಪಟ್ಟಿಯ ಹೆಸರಲ್ಲೇ ಪರಿಚಯ ಮಾಡಿಕೊಳ್ಳಬೇಕು ಅಂತ ಹೇಳೋಕೆ ನಾವ್ಯಾರು?

ಇನ್ನು ಟಿವಿಯ ಭಾಷೆ. ಒಂದು ವಾರ ಯಾವುದೇ ಕನ್ನಡ ಚಾನೆಲ್ ಹಾಕಿಕೊಂಡು ಕ್ರಿಯಾಪದಗಳನ್ನು ಮಾತ್ರ ಕೇಳಿ. ಮಾಜಿ ಸಚಿವರು ‘ಬಂಧನಕ್ಕೊಳಗಾಗಿದ್ದಾರೆ’, ಬೈಕ್ ಕದ್ದ ಆರೋಪ ಹೊತ್ತ ಹುಡುಗ ‘ಸಿಕ್ಕಿಬಿದ್ದಿದ್ದಾನೆ’. ಉದ್ಯಮಿ ‘ನಿಧನರಾಗಿದ್ದಾರೆ’, ಕಟ್ಟಡದಿಂದ ಬಿದ್ದ ಕೂಲಿಯವನು ‘ಸಾವನ್ನಪ್ಪಿದ್ದಾನೆ’. ಇಬ್ಬರ ಮೇಲಿನ ಆರೋಪವೂ ಕೋರ್ಟಿನಲ್ಲಿ ಸಾಬೀತಾಗಿಲ್ಲ. ಸತ್ತವರಿಬ್ಬರೂ ಸತ್ತಿದ್ದಾರೆ. ವ್ಯಾಕರಣ ಮಾತ್ರ ಬೇರೆಬೇರೆ. ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೆಂಗಸರ ಬಗ್ಗೆ ಯಾವ ಪದ ಬಳಸಬಾರದು ಅಂತ ನ್ಯಾಯಾಧೀಶರು, ವಕೀಲರಿಗಾಗಿ ಒಂದು ಕೈಪಿಡಿಯನ್ನೇ ತಂದಿದೆ. ಆದರೆ ಈ ‘ದಾನೆ’, ‘ದಾರೆ’ಗಳ ಕೈಪಿಡಿಯನ್ನು ಇಂಗ್ಲಿಷಿನಲ್ಲಿ ಬರೆಯೋಕೆ ಆಗೋದಿಲ್ಲ, ಆ ಭಾಷೆಯಲ್ಲಿ ಈ ರೋಗವೇ ಇಲ್ಲ. ಇದು ನಮ್ಮದು, ನಾವೇ ಬರೀಬೇಕು.

ಹೆಣ್ಣಿನ ಮಾತು ಬಂತು, ಹಾಗೇ ಬಿಟ್ಟು ಮುಂದೆ ಹೋಗೋ ಹಾಗಿಲ್ಲ. ಸಾಲಾಗಿ ಹೆಣ್ಣೇ ಹುಟ್ಟಿದ ಮನೆಯಲ್ಲಿ ಕೊನೆಯ ಮಗುವಿಗೆ ‘ಸಾಕು’ ಅನ್ನೋ ಅರ್ಥದಲ್ಲೇ ಸಾಕಮ್ಮ ಅಂತ ಹೆಸರಿಟ್ಟಿದ್ದನ್ನು ನಮ್ಮ ಕಡೆಯವರು ಬಲ್ಲರು. ಆ ಹೆಂಗಸು ಜೀವನಪೂರ್ತಿ ತನ್ನ ಹೆಸರು ಹೇಳಿದಾಗಲೆಲ್ಲ ಅಪ್ಪ ಅಮ್ಮನ ಬೇಸರವನ್ನು ತಾನೇ ಹೇಳಿಕೊಳ್ಳಬೇಕು. ಈಗ ಯಾರೂ ಆ ಅರ್ಥದಲ್ಲಿ ಹೆಸರಿಡೋದಿಲ್ಲ, ಕಾಲ ಸುಧಾರಿಸಿದೆ ಅಂತ ಸಮಾಧಾನ ಮಾಡಿಕೊಳ್ಳೋಣವೇ? 2023ರ ನವೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಭ್ರೂಣಲಿಂಗ ಪತ್ತೆ ಜಾಲವೊಂದನ್ನು ಹಿಡಿದಾಗ ಅದರ ಜಾಡು ಮಂಡ್ಯದ ಆಲೆಮನೆಗೆ ಹೋಯ್ತು. ಬೆಲ್ಲ ಮಾಡೋ ಜಾಗದಲ್ಲಿ ಸ್ಕ್ಯಾನಿಂಗ್! ಸಾಕಮ್ಮ ಅಂತ ಹೆಸರಿಟ್ಟವರು ಕನಿಷ್ಠ ಮಗುವನ್ನು ಉಳಿಸಿಕೊಂಡಿದ್ದರು.

ಪದ ಬದಲಾದರೆ ಬದುಕು ಬದಲಾಗುತ್ತಾ ಅಂತ ಕೇಳ್ತಾರೆ. ಒಮ್ಮೊಮ್ಮೆ ಆಗುತ್ತೆ, ಜೊತೆಗೆ ಬೇರೇನಾದರೂ ಬದಲಾದರೆ. ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಮೊದಲಲ್ಲಿ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಇಡೀ ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ನಾವು ಇಪ್ಪತ್ತು ವರ್ಷ ಮುಂದಿದ್ದೆವು. ತೋಟಿ, ಜಾಡಮಾಲಿ ಅಂತ ಕರೆಸಿಕೊಳ್ಳುತ್ತಿದ್ದವರು ಪೌರಕಾರ್ಮಿಕರಾದರು. ಅದು ಉಳಿದ ಪದ. ಯಾಕಂದ್ರೆ ಅದರಲ್ಲಿ ‘ಕಾರ್ಮಿಕ’ ಇದೆ. ಕಾರ್ಮಿಕ ಅಂದ ಕೂಡಲೇ ಸಂಬಳ ಕೇಳಬಹುದು, ರಜೆ ಕೇಳಬಹುದು, ಖಾಯಂ ಮಾಡಿ ಅಂತ ಮುಷ್ಕರ ಕೂರಬಹುದು. ಇದೇ ಬಸವಲಿಂಗಪ್ಪನವರು 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಿದ್ದಕ್ಕೆ ರಾಜ್ಯವೇ ಹೊತ್ತಿ ಉರಿದು, ಅವರು ಮಂತ್ರಿ ಸ್ಥಾನ ಬಿಡಬೇಕಾಯ್ತು. ದನದ ಮೇವಿನ ಒಂದು ಪದಕ್ಕೆ ಅಷ್ಟು ನೊಂದುಕೊಂಡ ನಾಡು, ಮನುಷ್ಯರಿಗೆ ಶತಮಾನಗಳಿಂದ ಅಂಟಿಸಿದ ಪದಗಳಿಗೆ ಒಂದು ದಿನವೂ ಬೀದಿಗೆ ಇಳಿದಿರಲಿಲ್ಲ.

ಅಂಗವಿಕಲ ಅನ್ನೋದು ವಿಕಲಚೇತನ ಆಯ್ತು, ವಿಶೇಷಚೇತನ ಆಯ್ತು, 2015ರ ಡಿಸೆಂಬರ್‌ನಲ್ಲಿ ಪ್ರಧಾನಿಯವರು ದಿವ್ಯಾಂಗ ಅಂದ್ರು. ಪದ ಮೇಲೆ ಮೇಲೆ ಹತ್ತುತ್ತಾ ಹೋಯ್ತು. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತೋಕೆ ಮಾತ್ರ ಎಷ್ಟೋ ಕಡೆ ಇಳಿಜಾರು ಬರಲಿಲ್ಲ.

ಕೇರಿಯ ಕಥೆಯನ್ನು ಮುಗಿಸೋಣ. ಕೇರಿ ಅನ್ನಬಾರದು ಅಂತ ‘ಕಾಲೋನಿ’ ಬಂತು. ಬೆಂಗಳೂರಿನಲ್ಲಿ ಕಾಲೋನಿ ಅಂದ್ರೆ ಬ್ಯಾಂಕಿನವರ, ವಿಜ್ಞಾನಿಗಳ ಕ್ವಾರ್ಟರ್ಸ್. ಮಳವಳ್ಳಿ, ಮದ್ದೂರಿನ ಹಳ್ಳಿಯಲ್ಲಿ ‘ಅವ್ನು ಕಾಲೋನಿ ಹುಡ್ಗ’ ಅಂದ್ರೆ ಏನರ್ಥ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತಮಿಳುನಾಡು ಸರ್ಕಾರ 2025ರ ಏಪ್ರಿಲ್‌ನಲ್ಲಿ ದಾಖಲೆಗಳಿಂದ ಈ ಪದವನ್ನೇ ತೆಗೀತೀವಿ ಅಂತ ಘೋಷಿಸಿತು. ನಮ್ಮಲ್ಲಿ ಅದರ ಹಿಂದೆ ಇನ್ನೂ ಎರಡಕ್ಷರ ಇದೆ, ಎ.ಕೆ. ಕಾಲೋನಿ. ಎ.ಕೆ. ಅಂದ್ರೆ ಆದಿ ಕರ್ನಾಟಕ. ಎಷ್ಟು ಚಂದದ ಹೆಸರು! ಈ ನಾಡಿನ ಮೊದಲ ಜನ ಅಂತ ಅರ್ಥ. ‘ಪಂಚಮ’ ಅನ್ನೋ ಹಳೇ ಪದ ಬೇಡ ಅಂತ 1920ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ನೆಲೆಯೂರಿದ ಹೆಸರು ಇದು, 1931ರ ಜನಗಣತಿ ಹೊತ್ತಿಗೆ ಸರ್ಕಾರಿ ಪುಸ್ತಕದಲ್ಲಿ ಗಟ್ಟಿಯಾಗಿತ್ತು. ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ. ಯಾರೂ ಅವನ್ನು ಪೂರ್ತಿ ಹೇಳಲಿಲ್ಲ. ಎ.ಕೆ., ಎ.ಡಿ., ಎ.ಎ. ಆಗಿ, ಬಾಡಿಗೆ ಮನೆ ಕೇಳಲು ಹೋದಾಗ ಪಿಸುಮಾತಾಗಿ ಉಳಿದವು.

ಆ ಚಂದದ ಹೆಸರು ನೂರು ವರ್ಷದ ನಂತರ ಬಿಲ್ಲು ಕಳಿಸಿತು. ಒಳಮೀಸಲಾತಿಗಾಗಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ 2025ರ ಮೇ ತಿಂಗಳಲ್ಲಿ ಮನೆಮನೆ ಸಮೀಕ್ಷೆ ಶುರುಮಾಡಿತು. ಎಡಗೈನವರು ಎಷ್ಟು, ಬಲಗೈನವರು ಎಷ್ಟು ಅನ್ನೋದು ಗೊತ್ತಾಗಬೇಕಿತ್ತು. ಒಂದು ಕಡೆ ಬಲಗೈನವರು ಎ.ಕೆ. ಅಂತ ಬರೆಸಿದ್ದಾರೆ, ಇನ್ನೊಂದು ಕಡೆ ಎಡಗೈನವರೂ ಎ.ಕೆ. ಅಂತಲೇ ಬರೆಸಿದ್ದಾರೆ. ಗಣತಿಯ ಮೇಷ್ಟರು ಬಾಗಿಲಲ್ಲಿ ನಿಂತು, ಎ.ಕೆ. ಸರಿ, ಅದರೊಳಗೆ ಯಾವುದು ಅಂತ ಕೇಳಬೇಕಾಯ್ತು. ಯಾವ ಪದವನ್ನು ಬಾಯಲ್ಲಿ ತರಬಾರದು ಅಂತ ಮೂರು ತಲೆಮಾರು ಬಚ್ಚಿಟ್ಟಿತ್ತೋ ಅದನ್ನು ಈಗ ಹಕ್ಕಿಗಾಗಿ ಹೊರಗೆ ಹೇಳಬೇಕು. ಅದೂ ಎಲ್ಲಿ? ಅಕ್ಕಪಕ್ಕದವರು ಕೇಳಿಸಿಕೊಳ್ಳೋ ಬೀದಿಯಲ್ಲಿ. ಹೇಳಿದರು ಕೆಲವರು. ಲಕ್ಷಾಂತರ ಜನ ಎ.ಕೆ., ಎ.ಡಿ., ಎ.ಎ. ಅಂತಷ್ಟೇ ಬರೆಸಿ ಬಾಗಿಲು ಹಾಕಿಕೊಂಡರು. ಆಗಸ್ಟ್‌ನಲ್ಲಿ ಬಂದ ಆಯೋಗದ ವರದಿ ಇವರಿಗಾಗಿಯೇ ಶೇಕಡಾ 1ರ ಬೇರೆ ಗುಂಪು ಮಾಡಿ ಅಂದಿತ್ತು. ಸಂಪುಟ ಅದನ್ನು ಒಪ್ಪದೆ ಆರು, ಆರು, ಐದು ಅಂತ ಮೂರೇ ಪಾಲು ಮಾಡಿತು.